ಅರವತ್ತೈದರ ಗೆರೆ

ಕುಂದೂರಿನಾಚೆಯ ಒಂದು ಹಳ್ಳಿಯಲ್ಲಿ ಊರವರೇ ಕಟ್ಟಿಕೊಂಡ ಆರೋಗ್ಯ ನಿಧಿಯೊಂದಿತ್ತು. ಮನೆಮನೆಯವರು ತಿಂಗಳಿಗಿಷ್ಟು ಅಂತ ಹಾಕುವುದು, ಕಾಯಿಲೆ ಬಿದ್ದವರಿಗೆ ಅದರಿಂದ ಕೊಡುವುದು. ತೊಂಬತ್ತೊಂದರಲ್ಲಿ ರುದ್ರಯ್ಯ ಅದನ್ನು ಶುರುಮಾಡಿದಾಗ ಸದಸ್ಯರೆಲ್ಲ ಗಟ್ಟಿಮುಟ್ಟಾಗಿದ್ದರು. ಹೆರಿಗೆ, ಜ್ವರ, ಮರದಿಂದ ಬಿದ್ದು ಮುರಿದ ಕೈ, ಖರ್ಚೆಂದರೆ ಇಷ್ಟೇ. ಹದಿನೈದು ವರ್ಷದ ಮೇಲೆ ದಯಾನಂದ ಕಾರ್ಯದರ್ಶಿಯಾಗುವ ಹೊತ್ತಿಗೆ ಅದೇ ಜನಕ್ಕೆ ವಯಸ್ಸಾಗಿತ್ತು. ಸಕ್ಕರೆ, ಬಿ.ಪಿ., ಮಂಡಿನೋವು. ಒಮ್ಮೆ ಕೊಟ್ಟರೆ ಮುಗಿಯುವಂಥವಲ್ಲ, ಸಾಯುವ ತನಕ ಮಾತ್ರೆ. ಹೊಸಬರು ಯಾರೂ ಸೇರಿರಲಿಲ್ಲ.

ದಯಾನಂದನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಗದ್ದೆಗೆ ಹೊರಟರೆ ಅರ್ಧದಾರಿಗೇ ವಾಪಸ್ಸು, ಉಣ್ಣಲು ಕೂತರೆ ಕೈ ತಟ್ಟೆಯಲ್ಲೇ. ಹೀಗೇ ಹೋದರೆ ನಿಧಿ ಬರಿದಾಗುವುದು ಖಂಡಿತ. ಕೊನೆಗೆ ಸಭೆ ಕರೆದು, ಅರವತ್ತೈದು ದಾಟಿದವರಿಗೆ ಇನ್ನು ಕೊಡುವುದು ಬೇಡ ಎಂದ. ಯಾರೂ ಕೂಗಾಡಲಿಲ್ಲ. ಮುದುಕರು ಟವೆಲ್ ಕೊಡವಿ ಎದ್ದುಹೋದರು. ಅವರ ಹಿಂದೆ ಅವನ ತಾಯಿ ಬಸಮ್ಮನೂ ಹೋದಳು.

ಮುಂದಿನ ವಾರವೇ, ಅರವತ್ತೈದು ದಾಟಿದ್ದ ರುದ್ರಯ್ಯನಿಗೆ ಎದೆ ಹಿಡಿದುಕೊಂಡಿತು. ಸಕಲೇಶಪುರದಲ್ಲಿ ಸೇರಿಸಿದರು. ಇಷ್ಟು ವರ್ಷ ನಿಧಿಗೆ ಹಾಕಿದ್ದೇ ಹೊರತು ಒಂದು ಮಾತ್ರೆಯನ್ನೂ ತಗೊಂಡವನಲ್ಲ ಅವನು. ದಯಾನಂದ ಬೈಕ್ ಹತ್ತಿ ಹೋದ, ಆಸ್ಪತ್ರೆ ಗೇಟಿನಿಂದ ತಿರುಗಿ ಹೇಮಾವತಿ ಸೇತುವೆ ತನಕ ಬಂದ, ಮತ್ತೆ ಹೋದ. ಮಂಚದ ಪಕ್ಕ ನಿಂತು, ಹೊಸ ನಿಯಮದಂತೆ ನಿಧಿಯಿಂದ ಕೊಡಲಾಗದು ಎಂದು ಹೇಳಲು ಹೋಗಿ ತೊದಲಿದ.

"ನೀನು ಹೇಳೋದು ಸರಿಯಾಗೇ ಐತೆ ಕಣೋ," ಅಂದ ರುದ್ರಯ್ಯ. "ಆದ್ರೆ ನಿನ್ ಮಗಳು ಹುಟ್ಟೋವಾಗ ಆಪರೇಷನ್‌ಗೆ ಕೊಟ್ವಲ್ಲ, ನಂಗೇನು ಹೆರಿಗೆ ಇತ್ತಾ?"

ಖರ್ಚು ರುದ್ರಯ್ಯನ ಅಳಿಯನ ತಲೆಗೆ ಬಿತ್ತು. ಜೀವವೇನೋ ಉಳಿಯಿತು. ದಯಾನಂದ ಮಾತ್ರ ಮನೆಯಲ್ಲಿ ನಿಲ್ಲಲಿಲ್ಲ, ನಿಧಿಗೆ ಸೇರಿ ಎಂದು ಊರಿನ ಹರೆಯದವರ ಬಾಗಿಲು ತಟ್ಟುತ್ತಾ ಹೊರಟ. ಜೀಪ್ ಓಡಿಸುವ ಅಭಿಲಾಷ್, ತನಗೇನಾಗಿದೆ ಅಂತ ನಿಧಿಗೆ ಹಾಕಬೇಕು ಎಂದು ಕೇಳಿದ.

"ನಿಂಗೇನೂ ಆಗಿಲ್ಲ ಮಾರಾಯ. ಅದಕ್ಕೇ ನಿನ್ನ ಕೇಳ್ತಿರೋದು."

ಅಭಿಲಾಷ್ ಸೇರಿದ, ಇನ್ನು ಕೆಲವರೂ ಸೇರಿದರು. ಹಲವರು ಕಾಫಿ ಕೊಟ್ಟು ಸಾಗಹಾಕಿದರು. ಮುಂದಿನ ಸಭೆಯಲ್ಲಿ ವಯಸ್ಸಿನ ಗೆರೆ ಅಳಿಸಿದರು, ಆದರೆ ಇನ್ನು ಯಾರಿಗೇ ಆಗಲಿ ಖರ್ಚಿನ ಅರ್ಧವೇ ಎಂದಾಯಿತು. ಬಸಮ್ಮನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಬಲಗಣ್ಣಿಗೆ ಮಾತ್ರ ಆಪರೇಷನ್ ಆಯಿತು.

ಪಟ್ಟಿ ಬಿಚ್ಚಿದ ದಿನ ಅವಳು ಮಗನ ಮುಖವನ್ನೇ ನೋಡಿದಳು. "ನೀನೂ ಮುದುಕ ಆಗ್ಬುಟ್ಟೆಯಲ್ಲೋ," ಅಂದಳು.

ಕೆಳಕೇರಿಯ ಮನೆಗಳಲ್ಲಿ ಕೇಳುವುದು ಇನ್ನೂ ಬಾಕಿಯಿತ್ತು. ದಯಾನಂದ ಚಪ್ಪಲಿ ಮೆಟ್ಟಿಕೊಂಡು ಹೊರಟ.