ಮುಂದಿನ ಸಾಲಿನ ಹುಡುಗಿ

ಮಹಾನಂದಮ್ಮ ಚಾಮರಾಜಪೇಟೆಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರು. ಸಾವಿರದ ಒಂಬೈನೂರ ಐವತ್ತೊಂದರಲ್ಲಿ ಹೆಂಗಸೊಬ್ಬಳು ಕೊರಳಿಗೆ ಸೀಟಿ ಹಾಕಿಕೊಂಡು ಮೈದಾನದಲ್ಲಿ ನಿಲ್ಲೋದು ಅಂದರೆ ಸಾಮಾನ್ಯವೇ? ಬೀದಿಯಲ್ಲಿ ಹೋಗೋರೆಲ್ಲ ಕಾಂಪೌಂಡಿನ ಮೇಲೆ ಕತ್ತು ಚಾಚಿ ನೋಡೋರು. ನೋಡಲಿ ಬಿಡಿ, ಕಣ್ಣು ನೋಯೋ ತನಕ ನೋಡಲಿ ಅನ್ನುತ್ತಿದ್ದಳು ಆಕೆ.

ಆ ಕ್ಲಾಸಿಗೆ ಹುಡುಗಿಯರನ್ನು ಸೇರಿಸೋಕೆ ಪಟ್ಟ ಪಾಡು ಆ ಶಿವನಿಗೇ ಗೊತ್ತು. ಎರಡು ವರ್ಷ ಮನೆಮನೆಯ ಮೆಟ್ಟಿಲು ಹತ್ತಿ ಇಳಿದಳು. ಹುಡುಗಿಯರೋ, ಒಬ್ಬೊಬ್ಬಳೂ ಒಣಗಿದ ಕಡ್ಡಿ. ಬೆಳಿಗ್ಗೆ ಪ್ರಾರ್ಥನೆಗೆ ನಿಂತರೆ ವಾರಕ್ಕೊಬ್ಬಳು ತಲೆಸುತ್ತಿ ಬೀಳೋಳು. ಆದರೆ ತಾಯಂದಿರ ಹೆದರಿಕೆಯೇ ಬೇರೆ: "ಓಡಿ ಕುಣಿದು ಕೈಕಾಲು ಗಂಡುಹುಡುಗರ ಥರ ಆದ್ರೆ ಇವರನ್ನ ಯಾರ್ರೀ ಮದುವೆ ಆಗ್ತಾರೆ?" ಅದಕ್ಕೆ ಮಹಾನಂದಮ್ಮನ ಹತ್ತಿರ ಒಂದೇ ಉತ್ತರ. "ನನ್ನ ಮಗಳು ಸುಂದರೀನೇ ಮುಂದಿನ ಸಾಲಲ್ಲಿ ನಿಂತಿರ್ತಾಳೆ. ಹೆತ್ತ ಮಗಳಿಗೆ ಕೆಡುಕಾಗೋದನ್ನ ನಾನು ಮಾಡ್ತೀನಾ, ನೀವೇ ಹೇಳಿ."

ಪಕ್ಕದ ಮನೆ ಬಸವಮ್ಮ ಆ ಮಾತನ್ನೇ ನಂಬಿ ಮಗಳು ಗಿರಿಜೆಯನ್ನು ಕಳಿಸಿದಳು. ತಲೆಸುತ್ತಿ ಬೀಳೋದರಲ್ಲಿ ಗಿರಿಜೆಯೇ ಎಲ್ಲರಿಗಿಂತ ಮುಂದಿದ್ದಳು. ಆರು ತಿಂಗಳಲ್ಲಿ ನೋಡಬೇಕಿತ್ತು! ಮುದ್ದೆ ಕೇಳಿ ಕೇಳಿ ತಿನ್ನೋಳು, ಖೋಖೋದಲ್ಲಿ ಯಾರ ಕೈಗೂ ಸಿಗೋಳಲ್ಲ. ಹೀಗೆ ಒಬ್ಬೊಬ್ಬಳೇ ಬಂದು ಮೂವತ್ತೊಂದು ಹುಡುಗಿಯರಾದರು. ಮೂವತ್ತಕ್ಕಿಂತ ಕಡಿಮೆಯಾದ ದಿನ ಡ್ರಿಲ್ ಪೀರಿಯಡ್ ತೆಗೆದು ಹೊಲಿಗೆ ಕ್ಲಾಸು ಹಾಕ್ತೀನಿ ಅಂತ ಹೆಡ್‌ಮಿಸ್ಟ್ರೆಸ್ ಖಡಾಖಂಡಿತವಾಗಿ ಹೇಳಿದ್ದರು.

ಸ್ಕೂಲಿನಲ್ಲಿ ಸುಂದರಿ "ಅಮ್ಮ" ಅನ್ನುವ ಹಾಗಿರಲಿಲ್ಲ. "ಗೇಟಿನೊಳಗೆ ನಾನು ಟೀಚರ್ ಕಣೇ" ಅಂತ ಮಹಾನಂದಮ್ಮ ಮೊದಲ ದಿನವೇ ಹೇಳಿದ್ದಳು. ಹುಡುಗಿ ನಗುತ್ತಾ ಹಾಗೇ ನಡೆದುಕೊಳ್ಳುತ್ತಿದ್ದಳು.

ಒಂದು ಭಾನುವಾರ ಅವೆನ್ಯೂ ರಸ್ತೆಯಲ್ಲಿ ಕಾಗದದ ಅಂಗಡಿ ಇಟ್ಟಿದ್ದ ರೇವಣಸಿದ್ದಯ್ಯನವರ ಮನೆಯವರು ಸುಂದರಿಯನ್ನು ನೋಡೋಕೆ ಬಂದರು. "ಇಂಥ ಸಂಬಂಧ ತಪ್ಪಿದ್ರೆ ಇನ್ನೊಂದು ಸಿಗಲ್ಲ" ಅಂತ ಮಹಾನಂದಮ್ಮನ ಗಂಡ ನಂಜುಂಡಯ್ಯ ಬೆಳಿಗ್ಗೆಯಿಂದ ಹತ್ತು ಸಲ ಹೇಳಿದ್ದರು. ಕೈ ಆಸರೆಗೆ ಬಸವಮ್ಮ ಬಂದಿದ್ದಳು.

ಗಂಡಿನ ತಾಯಿ ಸುಂದರಿಯನ್ನು ಮೇಲಿಂದ ಕೆಳಗೆ ನೋಡಿದರು. "ಹುಡುಗಿ ಬಿಸಿಲಿಗೆ ಕಂದಿದಾಳಲ್ಲ. ಯಾವುದೋ ಸ್ಕೂಲಲ್ಲಿ ಲಂಗ ಎತ್ತಿ ಕಟ್ಟಿ ಓಡಿಸ್ತಾರಂತೆ. ನೀವೇ ಅಂತೆ ಅದನ್ನ ಕಲಿಸೋದು. ಇವಳೂ ಹೋಗ್ತಾಳೇನಮ್ಮ?"

ಮಹಾನಂದಮ್ಮ ಗಂಡನ ಕಡೆ ನೋಡಿದಳು. ಬಾಗಿಲ ಬಳಿ ನಂಜುಂಡಯ್ಯ ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದರು.

"ಛೇ ಛೇ, ಎಲ್ಲಾದ್ರೂ ಉಂಟೇ ಅಮ್ಮಾವ್ರೆ! ಅದು ನನ್ನ ಕೆಲಸ, ಮಾಡ್ತೀನಿ. ಬೇರೆ ಮನೆ ಮಕ್ಕಳು ಓಡ್ತಾರೆ. ನನ್ನ ಮಗಳನ್ನ ನಾನು ಬಿಡಲ್ಲ."

ಸುಂದರಿ ತಲೆ ಎತ್ತಿ ತಾಯಿಯನ್ನು ಒಂದು ಸಲ ನೋಡಿದಳು, ಮತ್ತೆ ತಗ್ಗಿಸಿದಳು. ಕೇಸರಿಬಾತಿನ ತಟ್ಟೆ ಹಿಡಿದು ಬಂದಿದ್ದ ಬಸವಮ್ಮ ನಿಂತಲ್ಲೇ ನಿಂತಳು. ಸಂಬಂಧ ಅಲ್ಲೇ ಒಪ್ಪಿಗೆಯಾಯಿತು.

ಬೀಗರು ಹೋದ ಮೇಲೆ ಮಹಾನಂದಮ್ಮ ಹಿತ್ತಲ ಬಾಗಿಲಿನವರೆಗೂ ಬಸವಮ್ಮನ ಹಿಂದೆ ಓಡಿದಳು. "ಬಾಯಿಗೆ ಬಂದದ್ದು ಅಂದ್ಬಿಟ್ಟೆ ಬಸವಮ್ಮ, ತಪ್ಪು ತಿಳೀಬೇಡಿ."

"ತಪ್ಪೇನು ಬಂತು ಟೀಚರಮ್ಮ. ನಮ್ಮ ಗಿರಿಜೆ ಬೇರೆ ಮನೆಯೋಳೇ ಅಲ್ವಾ," ಅಂದು ಬಸವಮ್ಮ ಸೆರಗು ಹೊದ್ದು ನಡೆದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೂ ವಾಸಿಯಿತ್ತು ಅನ್ನಿಸಿತು ಮಹಾನಂದಮ್ಮನಿಗೆ.

ಸುದ್ದಿಗೆ ಕಾಲು ಬರಲು ಎಷ್ಟು ಹೊತ್ತು? ಸೋಮವಾರ ಡ್ರಿಲ್ ಪೀರಿಯಡ್ಡಿಗೆ ಮಹಾನಂದಮ್ಮ ಸೀಟಿ ಊದಿದಾಗ ಸಾಲಿನಲ್ಲಿ ನಿಂತವರು ಒಂಬತ್ತೇ ಮಂದಿ. ಉಳಿದವರೆಲ್ಲ ಡ್ರಿಲ್ ಬೇಡ ಅಂತ ಮನೆಯಿಂದ ಬರೆಸಿಕೊಂಡು ಬಂದ ಚೀಟಿ ಹಿಡಿದು ಹೊಂಗೆ ಮರದ ಕೆಳಗೆ ನಿಂತಿದ್ದರು. ಗಿರಿಜೆ ಅಳುತ್ತಿದ್ದಳು. ಅವಳ ಚೀಟಿಯನ್ನು ಓದುವ ಧೈರ್ಯ ಮಹಾನಂದಮ್ಮನಿಗೆ ಬರಲಿಲ್ಲ. ವರಾಂಡದಲ್ಲಿ ಹೆಡ್‌ಮಿಸ್ಟ್ರೆಸ್ ತಲೆಗಳನ್ನು ಎಣಿಸುತ್ತಾ ನಿಂತಿದ್ದರು.

ಆ ಮರದ ಕೆಳಗೇ, ಎಲ್ಲರಿಗಿಂತ ಹಿಂದೆ, ಸುಂದರಿಯೂ ಇದ್ದಳು. ಕೈಯಲ್ಲಿ ಚೀಟಿ ಇರಲಿಲ್ಲ.

ಮಹಾನಂದಮ್ಮ ಹತ್ತಿರ ಹೋಗಿ ಮೆಲ್ಲಗೆ ಅಂದಳು: "ನೀನಾದ್ರೂ ಬಾರೆ ಸುಂದ್ರಿ. ನೀನು ಬಂದು ನಿಂತ್ರೆ ಇವರೂ ಬರ್ತಾರೆ. ನಿನ್ನ ದಮ್ಮಯ್ಯ."

ಸುಂದರಿ ನೆಲ ನೋಡುತ್ತಾ ಹೇಳಿದಳು:

"ಅಮ್ಮ ಬಿಡಲ್ಲ, ಟೀಚರ್."