ಜೋಳದ ಕಾಳಿನಷ್ಟು ಸೊಟ್ಟ

ಮೂರು ನೆರಳು, ಎರಡಿರಬೇಕಾದ ಕಡೆ ಮೂರು, ಗೋಡೆಯ ಮೇಲೆ ಒಂದರ ಪಕ್ಕ ಒಂದು ನೆಟ್ಟಗೆ — ಲಿಂಗಸುಗೂರಿನಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದೇನೆ, ಹೆಗಲಿನ ಬ್ಯಾಗು ಇನ್ನೂ ಇಳಿದಿಲ್ಲ, ಅಂಗಳದ ಹೊರಸಿನ ಮೇಲೆ ನಾನೇ ಮಾಡಿದ ಸರ್ಫ್‌ಬೋರ್ಡು, ಅಲೆಯ ಮೇಲೆ ನಿಂತು ಜಾರುವ ಹಲಗೆ, ಬೋರಲು ಬಿದ್ದಿದೆ, ಅದರ ಬಾಲದಲ್ಲಿ ಮೂರು ಫಿನ್ನು, ಮೀನಿನ ರೆಕ್ಕೆಯ ಹಾಗೆ ನೀರು ಸೀಳಬೇಕಾದವು, ಕೂಡಿಸಿಯೇ ಬಿಟ್ಟಿದ್ದಾನೆ ಅಪ್ಪ, ನಾನು ಆಸ್ಪತ್ರೆಯಲ್ಲಿ ಮಂದಿಗೆ ಇಂಜೆಕ್ಷನ್ ಚುಚ್ಚುತ್ತಿದ್ದಾಗ. ಬೆಳಿಗ್ಗೆ ಹೇಳಿದ್ದೆ, ಎರಡೇ ಕೆತ್ತು, ಕೆತ್ತಿ ಇಡು, ಗೆರೆ ಎಳೆದಿದ್ದೇನೆ, ಸಂಜೆ ಬಂದು ನಾನೇ ಅಂಟಿಸುತ್ತೇನೆ. ಆಗಲೇಳವ್ವ ಅಂದ. ಗುರುಗುಂಟಾದಲ್ಲಿ ಆಗಲೇಳು ಅಂದರೆ ನೀನು ಏನಾದರೂ ಬೊಗಳು, ನಾವು ನಮಗೆ ತಿಳಿದದ್ದನ್ನೇ ಮಾಡುತ್ತೇವೆ ಅಂತ. ಬೆರಳಿನಿಂದ ಒತ್ತಿ ನೋಡುತ್ತೇನೆ, ಅಂಟು ಕಲ್ಲಾಗಿದೆ, ಈ ಊರಿನ ಬಿಸಿಲಿಗೆ ಇದೊಂದು ಕೆಲಸ ಚೆನ್ನಾಗಿ ಬರುತ್ತದೆ. ನಾಳೆ ರಾತ್ರಿ ಬಸ್ಸು, ನಾಡಿದ್ದು ಕಡಲು, ಕಾಡಿ ಬೇಡಿ ತೆಗೆದುಕೊಂಡ ಎರಡು ದಿನದ ರಜೆ, ಹೊತ್ತುಕೊಂಡು ಹೋಗಬೇಕಾದದ್ದು ನೋಡಿದರೆ ಮೂರು ತಾಳಿನ ಕೂರಿಗೆ.

ಕೂರಿಗೆಯೇ, ಇನ್ನೇನು. ನಮ್ಮಪ್ಪ ಮೌನಪ್ಪ ಬಡಿಗ, ಬದುಕಿಡೀ ಬಿತ್ತುವ ಕೂರಿಗೆ ಮಾಡಿದವನು, ಈಗ ಊರಿಗೆಲ್ಲ ಟ್ರ್ಯಾಕ್ಟರ್ ಬಂದು ಅವನು ಮಾಡಿದ ಕೂರಿಗೆಗಳು ಕೊಟ್ಟಿಗೆಯ ಜಂತಿಗೆ ನೇತಾಡುತ್ತಿವೆ, ಆದರೂ ಒಂದು ಕಣ್ಣು ಮುಚ್ಚಿ ಎಲ್ಲವೂ ನೆಟ್ಟಗಿದೆಯೇ ಎಂದು ನೋಡುವ ಚಟ ಹೋಗಿಲ್ಲ, ಬಾಗಿಲು, ಬಟ್ಟೆ ಒಣಹಾಕುವ ಹಗ್ಗ, ನನ್ನ ಬೈತಲೆ. ಮುಂಗಾರಿನಲ್ಲಿ ಸಾಲು ಚಿಗುರಿದರೆ ರಸ್ತೆಯ ಮೇಲೆ ಹೋಗುವವರು ಇದು ಮೌನಪ್ಪನ ಕೂರಿಗಿ ಸಾಲು ಅನ್ನುತ್ತಿದ್ದರಂತೆ, ಅನ್ನುತ್ತಿದ್ದರು, ಅದನ್ನು ನೂರು ಸಲ ಕೇಳಿ ಕೇಳಿ ನನಗೆ ನೆಟ್ಟಗಿನ ಗೆರೆ ಕಂಡರೇ ಮೈ ಉರಿಯುತ್ತದೆ. ಅವನೊಬ್ಬನೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು, ಇಲ್ಲಿ ಎಲ್ಲರೂ ಪಂಡಿತರೇ — ಸಿಂಧನೂರಿನಲ್ಲಿ ಅಂಟು ಮಾರುವ ಇಸ್ಮಾಯಿಲ್‌ಸಾಬ್, ನೀರಿನ ಟಾಕಿಗೆ ಹಚ್ಚೋದ ತಗೋರಿ ಸಿಸ್ಟರ್, ಸಸ್ತಾ ಬೀಳ್ತದ, ಅದನ್ನು ಹಚ್ಚಿದ್ದರೆ ಬೋರ್ಡಿನ ಒಳಗಿನ ಥರ್ಮಾಕೋಲೆಲ್ಲ ಕರಗಿ ಹೋಗುತ್ತಿತ್ತು, ನನಗೆ ಎಪಾಕ್ಸಿಯೇ ಬೇಕು ಅಂದರೆ, ಎರಡೂ ಒಂದ ರೀ, ವಾಸನಿ ಅಷ್ಟ ಬ್ಯಾರೆ. ಪಕ್ಕದ ಮನೆಯ ಕರೆಮ್ಮ, ಇಷ್ಟು ದೊಡ್ಡ ಹಿಟ್ಟು ನಾದೋ ಕೊಣಮಿಗ್ಯಾಗ ಯಾ ಊರಿಗೆ ರೊಟ್ಟಿ ಬಡೀತೀಯವ್ವ, ಅಂದು ತನ್ನ ಮಾತಿಗೆ ತಾನೇ ನಕ್ಕಳು. ಮಸ್ಕಿಯಿಂದ ಡ್ಯೂಟಿಗೆ ಬರುವ ಕಾಂಪೌಂಡರ್ ಬೀರಲಿಂಗ, ನಮ್ಮ ಹಳ್ಳದಾಗ ಮೊಣಕಾಲಮಟ ನೀರಿಲ್ಲ ಸಿಸ್ಟರ್, ಇದನ್ನ ಎಲ್ಲಿ ತೇಲಿಸ್ತೀರಿ. ಕಡಲ ಕಡೆಯವರೇನು ಶಾಣ್ಯಾರೇ, ಅಲ್ಲಿ ನರ್ಸಿಂಗ್ ಓದುವಾಗ ಭಾನುವಾರ ಭಾನುವಾರ ಹೋಗಿ ಅಲೆ ಹತ್ತುವುದನ್ನು ಕಲಿತೆನಲ್ಲ, ಕಲಿಸುವವನು ನನ್ನ ಮೈಯನ್ನು ಮೇಲಿಂದ ಕೆಳಗೆ ನೋಡಿ, ಸಣ್ಣ ಅಲೆ ನಿಮ್ಮನ್ನು ಎತ್ತುವುದಿಲ್ಲ ಮಾರಾಯ್ರೆ, ನಿಮಗೆ ಬಾಡಿಗೆಯ ಆ ಉದ್ದದ ಬೋರ್ಡೇ ಸಾಕು, ಅಂದಿದ್ದ, ಉಳಿದವರು ನಕ್ಕಿದ್ದರು, ನನ್ನ ಭಾಷೆಗೆ ಒಮ್ಮೆ ನಕ್ಕವರು ಮೈಗೂ ಒಮ್ಮೆ. ಅವನ ಕಣ್ಣೆದುರೇ ಸೊಂಟಕ್ಕೂ ಬರದ ಅಲೆಯಲ್ಲಿ ನಾನೇ ಮಾಡಿದ ಬೋರ್ಡಿನ ಮೇಲೆ ನಿಂತು ತಿರುಗಿ ತೋರಿಸಬೇಕು, ಬೇಕಾದದ್ದು ಇಷ್ಟೇ. ಅಂಥ ಅಲೆಯಲ್ಲಿ ಜೀವವೇ ಇರುವುದಿಲ್ಲ, ಮೂರು ಫಿನ್ನಿದ್ದರೆ ಇರುವ ಓಟವನ್ನೂ ತಿಂದುಹಾಕುತ್ತವೆ, ಎರಡಾದರೆ ಬೋರ್ಡು ಜಾರುತ್ತದೆ, ಹೇಳಿದ ಕಡೆ ತಿರುಗುತ್ತದೆ, ಆ ಎರಡೂ ನೆಟ್ಟಗಿರಬಾರದು, ಮುಂದಿನ ಅಂಚು ಮೂತಿಯ ಕಡೆಗೆ ಒಳಕ್ಕೆ ವಾಲಿರಬೇಕು, ಒಂದು ಜೋಳದ ಕಾಳಿನಷ್ಟು. ನೆಟ್ಟಗೆ ಕೂಡಿಸಿದ್ದು ನೆಟ್ಟಗೇ ದಡಕ್ಕೆ ಹೋಗುತ್ತದೆ, ನೊಗದ ಕೊಳ್ಳು ಹರಿದ ಎತ್ತು ಕೊಟ್ಟಿಗೆಗೆ ಬಂದ ಹಾಗೆ.

ಅಪ್ಪಾ, ಇದೇನ ಮಾಡಿದಿ. ಬಂದೇನು ಕಾಳವ್ವ, ಇಲ್ಲಿ ಕುಂತು ನೋಡು, ಅವನೇ ಕುಕ್ಕರಗಾಲಲ್ಲಿ ಕುಳಿತು ಗಲ್ಲವನ್ನು ಬೋರ್ಡಿಗೆ ತಂದು ಒಂದು ಕಣ್ಣು ಮುಚ್ಚುತ್ತಾನೆ, ದಾರ ಹಿಡದಾಂಗ ಬಂದಾವ ನೋಡು. ಎರಡು ಹೇಳಿದ್ದೆ ನಾನು. ಎರಡರ ಮ್ಯಾಲ ಹ್ಯಾಂಗ ನಿಂದರತೈತಿ ಬೇ, ನಡಕೊಂದು ಇರಲಿ ಅಂತ ಹಾಕೀನಿ, ನಮ್ಮ ಹಳೇ ಕೂರಿಗಿ ತಾಳಿನ ಕಟಗಿ, ನೀರಾಗ ಇದ್ರೂ ಏನೂ ಆಗಾಂಗಿಲ್ಲ. ಗೆರಿ ಎಳದಿದ್ದೆನಲ್ಲ ಅಪ್ಪಾ. ಅವನು ಕರೆಮ್ಮ ಮೊರದಲ್ಲಿ ಜೋಳ ಕೇರುತ್ತ ಕುಳಿತ ಕಟ್ಟೆಯ ಕಡೆ ನೋಡಿ ದನಿ ತಗ್ಗಿಸುತ್ತಾನೆ, ಸೊಟ್ಟ ಇದ್ದುವವ್ವ, ನಿದ್ದಿಗಣ್ಣಾಗ ಎಳದೀ ಅನಸ್ತೈತಿ, ನಾ ಅಳಿಸಿ ಸರಿ ಮಾಡೀನಿ, ಯಾರ ಮುಂದೂ ಹೇಳಿಲ್ಲ, ಬಡಿಗ್ಯಾರ ಮಗಳು ಸೊಟ್ಟ ಕೂಡಿಸ್ಯಾಳಂತ ಅಲ್ಲಿ ಮಂದಿ ನಗಬಾರದಲ್ಲ. ಬೇಕಂತ ಸೊಟ್ಟ ಎಳದಿದ್ದೆ ಅಂದೆ. ಬೇಕಂತ ಯಾರಾರ ಸೊಟ್ಟ ಮಾಡ್ತಾರೇನು ಅಂತ ಅವನು ನಕ್ಕ, ಆ ಕಡೆಯಿಂದ ಕರೆಮ್ಮ, ಕುಣೀಲಾರದಾಕಿ ಅಂಗಳ ಡೊಂಕು ಅಂದ್ಲಂತ, ತನ್ನನ್ನು ಯಾರೂ ಕೇಳದಿದ್ದರೂ. ಸಿಟ್ಟು ನೆತ್ತಿಗೇರಿತು, ಕಡಲು ಕಾಣದ ಮಂದಿ, ಅಲೆ ಅಂದರೆ ಏನೆಂದು ತಿಳಿಯದವರು, ನಾನು ಓದಿದ್ದು ನೋಡಿದ್ದು ಎಲ್ಲವನ್ನೂ ಅಳಿಸಿ ಸರಿ ಮಾಡುವವರು — ನಿನಗ ನೆಟ್ಟಗ ಬಿಟ್ರ ಏನ ಬರತೈತಿ, ನಿನ್ನ ನೆಟ್ಟಗಿನ ಕೂರಿಗಿ ಎಲ್ಲಾ ಜಂತಿಗೆ ನೇತಬಿದ್ದಾವ, ಈಗ ನನ್ನ ಬೋರ್ಡನ್ನೂ ಜಂತಿಗೆ ಹಾಕು ಅಂದೆ, ಜೋರಾಗಿಯೇ ಅಂದೆ. ಕರೆಮ್ಮನ ಮೊರದ ಸದ್ದು ನಿಂತಿತು.

ಅಪ್ಪ ಒಳಗೆ ಹೋಗಿ ಗರಗಸ ತಂದ. ಕೊಡ್ತಾನೇನೋ ಅಂದುಕೊಂಡರೆ ತಾನೇ ಕೊಯ್ಯಲು ಕುಳಿತ, ನಡುವಿನದನ್ನು ಮೊದಲು, ಕರ್‌ಕರ್ ಎನ್ನುವ ಸದ್ದು, ಹೊಟ್ಟು ಮೊಣಕಾಲ ಮೇಲೆ, ಆಮೇಲೆ ಪಕ್ಕದ ಎರಡು, ಬುಡಕ್ಕೆ ಉಳಿ ಹೊಡೆದು ಸಾಫ್ ಮಾಡಿ ಇಟ್ಟ, ಗೆರಿ ಹಾಕು ಅಂದ. ಹಾಕಿದೆ, ಸೊಟ್ಟಗೆ. ಕರೆಮ್ಮನ ಮೊರದಿಂದ ಜೋಳದ ಕಾಳು ತಂದೆ, ನೆಟ್ಟಗಿನ ಗೆರೆಯಿಂದ ಮುಂದಿನ ಅಂಚು ಎಷ್ಟು ಒಳಗೆ ಬರಬೇಕೋ ಅಲ್ಲಿ ಇಟ್ಟೆ, ಇದಕ್ಕ ಮುಟ್ಟಬೇಕು ನೋಡು. ಎಪಾಕ್ಸಿ ಕಲಸಿದೆ, ಮಗ್ಗು ಆಗಲೇ ಕೈಗೆ ಬೆಚ್ಚಗಾಗುತ್ತಿದೆ, ಬೇಗ ಆಗಬೇಕು, ಈಗ ಹಿಡಿದರೆ ನಾಳೆ ಬಸ್ಸಿನ ಹೊತ್ತಿಗೆ ಗಟ್ಟಿ, ಇಲ್ಲದಿದ್ದರೆ ರಜೆ ಹೋಯಿತು, ಇನ್ನೊಂದು ವರ್ಷ ಆ ಮಾರಾಯ್ರೆ ಅನ್ನುವವನ ನಗೆಯನ್ನು ನೆನೆಸಿಕೊಂಡು ಕೂರಬೇಕು. ನಾನು ಇಡಲು ಹೋದೆ, ಫಿನ್ನು ಜಾರಿತು, ತಾ ಇಲ್ಲಿ ಅಂದ ಅಪ್ಪ. ಇಟ್ಟ. ಒಂದು ಕಣ್ಣು ಮುಚ್ಚಿದ, ಕೈ ತನ್ನಷ್ಟಕ್ಕೆ ತಾನೇ ಅದನ್ನು ನೆಟ್ಟಗೆ ಮಾಡಿತು. ಒಳಗ ಅಪ್ಪಾ, ಕಾಳಿಗೆ ಮುಟ್ಟಲಿ. ಹ್ಞೂಂ ಅಂದ, ವಾಲಿಸಿದ, ಮತ್ತೆ ಒಂದು ಕಣ್ಣು, ಮತ್ತೆ ನೆಟ್ಟಗೆ. ನೋಡು ಇವನನ್ನು, ಕಾಳಿನಷ್ಟು ಸೊಟ್ಟ ಮಾಡಲು ಬರುವುದಿಲ್ಲ, ಇಷ್ಟು ವರ್ಷ ಉಳಿ ಹಿಡಿದವನಿಗೆ, ಅಂಟು ಎಳೆ ಎಳೆಯಾಗುತ್ತಿದೆ, ಅಪ್ಪಾ ಲಗೂನ. ಆಗವಲ್ದವ್ವ, ಕಣ್ಣು ಕೇಳವಲ್ದು, ಅಂದ. ಅಂದು, ತೆರೆದಿದ್ದ ಇನ್ನೊಂದು ಕಣ್ಣನ್ನೂ ಮುಚ್ಚಿದ. ಹೆಬ್ಬೆರಳು ಕಾಳನ್ನು ತಡವಿ ಹುಡುಕಿತು, ಸಿಕ್ಕಿತು, ಫಿನ್ನಿನ ಅಂಚನ್ನು ಅದಕ್ಕೆ ತಾಗಿಸಿ ಅಲ್ಲೇ ಒತ್ತಿ ಹಿಡಿದ, ಕುರುಡನ ಹಾಗೆ ಮುಖ ಮೇಲೆತ್ತಿ, ಸೊಟ್ಟ ಕುಂತೈತೇನವ್ವ ಅಂತ ಕೇಳುತ್ತಾನೆ, ಕುಂತೈತಿ ಅನ್ನಬೇಕು ನಾನು, ಅಂಟು ಹಿಡಿಯುತ್ತಿದೆ, ಅವನು ಕೈ ತೆಗೆಯುತ್ತಿಲ್ಲ, ಕಣ್ಣು ತೆರೆಯುತ್ತಿಲ್ಲ, ರೆಪ್ಪೆಯ ಮೇಲೆ ಕೂರಿಗೆ ಕಟ್ಟಿಗೆಯ ಹೊಟ್ಟು, ಎರಡೂ ಕಣ್ಣು ಮುಚ್ಚಿವೆ, ಎರಡೂ.