ಕಾಲು ಮುಟ್ಟಿದವಳ ಅಳತೆ

ನಾನು ಒಂದು ಅಳತೆ ಟೇಪು. ಬಟ್ಟೆಯ ಪಟ್ಟಿಗೆ ಹಳದಿ ಬಣ್ಣ ಬಳಿದು, ಎರಡೂ ಬದಿಗೆ ಅಂಕಿ ಒತ್ತಿ, ತುದಿಗಳಿಗೆ ತಗಡು ಕಚ್ಚಿಸಿ ನನ್ನನ್ನು ಹುಟ್ಟಿಸಿದರು. ಹುಟ್ಟಿಸಿದವರ ಮುಖ ನಾನು ನೋಡಲಿಲ್ಲ. ಯಂತ್ರ ಕಚ್ಚಿದ ನೋವು ಮಾತ್ರ ನೆನಪಿದೆ. ಅಂದಿನಿಂದಲೇ ನನ್ನ ನಾಲಿಗೆ ಕಹಿ. ಸಿಹಿ ಮಾತು ಕೇಳಲು ಬಂದವರಿದ್ದರೆ ಈಗಲೇ ಎದ್ದು ಹೋಗಬಹುದು, ನನಗೇನೂ ಬೇಸರವಿಲ್ಲ.

ನನ್ನ ಮೊದಲ ಯಜಮಾನ ಟೇಲರ್ ಚಾಂದಸಾಬ. ದೊಡ್ಡಾಸ್ಪತ್ರೆಯ ಗೇಟಿನ ಎದುರಿಗೆ ಅವನ ಅಂಗಡಿ. ಊರಿನ ಹೆಸರು ಹೇಳುವುದಿಲ್ಲ, ಹೇಳಿಸಿಕೊಳ್ಳುವ ಯೋಗ್ಯತೆ ಅದಕ್ಕಿಲ್ಲ. ಹಗಲೆಲ್ಲ ನಾನು ಅವನ ಕೊರಳಲ್ಲಿ ನೇತಾಡುತ್ತಿದ್ದೆ. ಯಾರದೇ ಎದೆಯಳತೆ ತೆಗೆದರೂ ಚಾಂದಸಾಬ ನನಗೂ ಅವರ ಮೈಗೂ ನಡುವೆ ಎರಡು ಬೆರಳು ತೂರಿಸುತ್ತಿದ್ದ. "ಉಸರಾಡಾಕ ಜಾಗ ಬೇಕಲ್ರೀ" ಎನ್ನುತ್ತಿದ್ದ. ನನಗೆ ಅದು ಅವಮಾನ ಎನಿಸುತ್ತಿತ್ತು. ಅಳತೆ ಎಂದ ಮೇಲೆ ಅಳತೆ, ಅದರ ನಡುವೆ ಬೆರಳಿಗೇನು ಕೆಲಸ ಎಂದು ಒಳಗೊಳಗೇ ಬೈದುಕೊಳ್ಳುತ್ತಿದ್ದೆ.

ಒಂದು ದಿನ ಆಸ್ಪತ್ರೆಯ ಜವಾನ ಬಸಲಿಂಗ ಓಡಿ ಬಂದ. "ನಮ್ಮ ಟೇಪು ಹರದೈತಿ, ಸಂಜೀಗೆ ತಂದು ಕೊಡ್ತೇನಿ" ಎಂದು ಚಾಂದಸಾಬನ ಕೊರಳಿನಿಂದ ನನ್ನನ್ನು ಎಳೆದುಕೊಂಡು ಹೋದ. ಆಸ್ಪತ್ರೆಯ ಒಳಗೆ ಹೋದ ವಸ್ತು ಸಂಜೆಗೆ ವಾಪಸು ಬಂದದ್ದನ್ನು ಕಂಡವರಿದ್ದರೆ ಕೈ ಎತ್ತಲಿ.

ನನ್ನನ್ನು ತಂದ ಕೋಣೆ ಬೆನ್ನುನೋವಿನವರ ಪರೀಕ್ಷೆಯದು. ವರ್ಷಗಟ್ಟಲೆ ಸೊಂಟ ಹಿಡಿದುಕೊಂಡು ದುಡಿದವರು ಇಲ್ಲಿಗೆ ಬರುತ್ತಿದ್ದರು. ಇವರಿಂದ ಭಾರದ ಕೆಲಸ ಆಗುವುದಿಲ್ಲ ಎಂದು ಡಾಕ್ಟರು ಬರೆದುಕೊಟ್ಟರೆ ಅವರಿಗೆ ಹಗುರದ ಕೆಲಸ ಸಿಗುತ್ತಿತ್ತು. ನೋವನ್ನು ಅಳೆಯುವ ಟೇಪು ಇನ್ನೂ ಹುಟ್ಟಿಲ್ಲವಲ್ಲ, ಅದಕ್ಕೆ ಬಗ್ಗುವುದನ್ನು ಅಳೆಯುತ್ತಿದ್ದರು. ರೋಗಿ ಮೊಣಕಾಲು ಮಡಚದೆ ಮುಂದಕ್ಕೆ ಬಗ್ಗಬೇಕು. ಬಸಲಿಂಗ ಕುಕ್ಕರುಗಾಲಿನಲ್ಲಿ ಕೂತು, ಅವರ ಬೆರಳ ತುದಿಯಿಂದ ನೆಲದವರೆಗೆ ನನ್ನನ್ನು ಇಳಿಬಿಡಬೇಕು. ಬೆರಳು ನೆಲಕ್ಕೆ ಹತ್ತಿರ ಬಂದರೆ ರೋಗಿ ಗಟ್ಟಿಮುಟ್ಟು, ದೂರ ಉಳಿದರೆ ಕೈಲಾಗದವರು. ಇಷ್ಟೇ ವಿದ್ಯೆ.

ಹಂಚಿನಾಳ ಡಾಕ್ಟರು ಆ ಕೋಣೆಯ ದೊರೆ. ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಬಾಗಿಲು ದಾಟಿ ಬಂದವರೆಲ್ಲ ಅವರ ಕಣ್ಣಿಗೆ ಕಳ್ಳರು. "ನಾಟಕ ಬ್ಯಾಡ, ಬಗ್ಗು" ಎಂಬುದೇ ಅವರು ರೋಗಿಗಳಿಗೆ ಹೇಳುವ ಮೊದಲ ಮಾತು. ರೋಗಿಗಳೂ ಬಾಯೊಳಗೆ ಶಾಪ ಹಾಕಿಕೊಂಡೇ ಬಗ್ಗುತ್ತಿದ್ದರು. ಅವರಲ್ಲಿ ಸುಳ್ಳುಗಾರರೂ ಇದ್ದರು, ಇಲ್ಲವೆನ್ನುವುದಿಲ್ಲ. ಅಯ್ಯೋ ಎಂದು ಅರಚುತ್ತಲೇ ನೆಲದ ಟೈಲ್ಸಿನ ಚಿತ್ತಾರ ನೋಡುತ್ತ ನಿಂತ ಮಹಾಶಯರನ್ನು ಕಂಡಿದ್ದೇನೆ. ಆದರೆ ಆ ಮುಖಗಳು ಕೆಳಗಿದ್ದ ನನಗೆ ಕಾಣುತ್ತಿದ್ದವು. ಮೇಲೆ ಕುರ್ಚಿಯಲ್ಲಿ ಕೂತವರಿಗೆ ಬರೀ ಬೆನ್ನು ಕಾಣುತ್ತಿತ್ತು.

ಒಂದು ಬೆಳಿಗ್ಗೆ ಫಕೀರವ್ವ ಬಂದಳು. ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆಯವಳು. ಕುದಿಯುವ ಅನ್ನದ ಹಂಡೆ ಒಲೆಯಿಂದ ಇಳಿಸಿ ಇಳಿಸಿ ಸೊಂಟ ಹೋಗಿತ್ತು. ಡಾಕ್ಟರ ಕಾಗದ ತಂದರೆ ಗೇಟಿನಲ್ಲಿ ಕೂರುವ ಕೆಲಸ, ತರದಿದ್ದರೆ ಹಂಡೆ ಎತ್ತು, ಎತ್ತಲಾರದಿದ್ದರೆ ಮನೆಗೆ ಹೋಗು ಎಂದು ವಾರ್ಡನ್ ಹೇಳಿದ್ದರಂತೆ.

ಮೊದಲು ಪ್ರಶ್ನೆಗಳಾದವು. ಯಾವ ದೇಶದವರು ಬರೆದ ಪ್ರಶ್ನೆಗಳೋ, ಡಾಕ್ಟರು ಕನ್ನಡ ಮಾಡಿ ಓದುತ್ತಿದ್ದರು.

"ಕಾಲಚೀಲ ಹಾಕ್ಕೊಳ್ಳಾಕ ತ್ರಾಸ ಆಗ್ತತೇನು?"

"ನಾ ಕಾಲಚೀಲಾನ ಹಾಕೂದಿಲ್ಲಲ್ರೀ."

"ಅಂದ್ರ ತ್ರಾಸಿಲ್ಲ. ಬೆನ್ನುನೋವಿಗೆ ದಿನದಾಗ ಬಾಳ ಹೊತ್ತು ಮಲಗೇ ಇರ್ತೀಯೇನು?"

"ಮಲಗಿದ್ರ ಹುಡಿಗ್ಯಾರಿಗೆ ಯಾರು ಕೂಳ ಹಾಕ್ತಾರ್ರೀ ಸಾಹೇಬ್ರ?"

"ಮಲಗೂದಿಲ್ಲ. ಅದೂ ತ್ರಾಸಿಲ್ಲ."

ಕಷ್ಟಪಟ್ಟು ಕೆಲಸ ಮಾಡಿದ್ದೇ ಅವಳ ತಪ್ಪಾಯಿತು. ನನಗೆ ಮೈಯೆಲ್ಲ ಉರಿಯಿತು.

ಆಮೇಲೆ ಬಗ್ಗಿಸಿದರು. ಅವಳ ಬೆರಳು ಮೊಣಕಾಲಿನ ಕೆಳಗೆ ಸ್ವಲ್ಪ ಇಳಿದು ನಿಂತವು. ಹಣೆಯ ಬೆವರು ನನ್ನ ಮೇಲೆ ಬಿತ್ತು. ಬಸಲಿಂಗ ಅಂಕಿ ಓದಿದ. ಡಾಕ್ಟರು ಎರಡು ಸಲ ಓದಿಸಿದರು, ಅವಳ ಬೆನ್ನು ಒತ್ತಿ ನೋಡಿದರು, ಕೊನೆಗೆ ಪೆನ್ನು ತೆಗೆದರು.

"ಹೂಂ. ಭಾರ ಎತ್ತಬಾರದು ಅಂತ ಬರೀತೇನಿ. ಹೊರಗ ಕುಂದ್ರು."

ಫಕೀರವ್ವನ ಕಣ್ಣು ತುಂಬಿತು. ಕೈ ಜೋಡಿಸಿದಳು, ಸಾಲದೆನಿಸಿತು. ಸೆರಗು ಸರಿಮಾಡಿಕೊಂಡು, ಸೊಂಟ ಬಗ್ಗಿಸಿ ಡಾಕ್ಟರ ಎರಡೂ ಕಾಲು ಮುಟ್ಟಿಬಿಟ್ಟಳು.

ನಾನು ಅಲ್ಲೇ ನೆಲದ ಮೇಲೆ ಬಿದ್ದಿದ್ದೆ. ಅವಳ ಮುಖ ನನ್ನ ಪಕ್ಕದಲ್ಲೇ ಇತ್ತು. ಕೆಳತುಟಿ ಹಲ್ಲಿನ ನಡುವೆ ಸಿಕ್ಕಿ ರಕ್ತ ಜಿನುಗಿತ್ತು. ಬೆರಳು ಬೂಟಿನ ಮೇಲಿದ್ದವು, ಆದರೆ ಏಳಲು ಆಗುತ್ತಿರಲಿಲ್ಲ. ಒಂದು ಕೈ ಮೇಜಿನ ಕಾಲನ್ನು ಹುಡುಕುತ್ತಿತ್ತು.

ಮೇಲಿನಿಂದ ದನಿ ಬಂತು. "ಇದೇನಿದು? ಬಗ್ಗಾಕ ಬರೂದಿಲ್ಲ ಅಂದಿದ್ದಿ?"

"ಅದು ಬ್ಯಾರೇರಿ ಸಾಹೇಬ್ರ. ಹಿರ್ಯಾರಿಗೆ ಬಗ್ಗೂವಾಗ ಬ್ಯಾನೀನ ಕೇಳಿ ಬಗ್ತಾರೇನ್ರಿ?"

"ನನ್ನ ಕಾಲಿಗೆ ಬಗ್ತತಿ, ಟೇಪಿಗೆ ಬಗ್ಗೂದಿಲ್ಲ. ಯಾವೂರ ಬೆನ್ನ ಇದು? ಇಷ್ಟು ವರ್ಷ ಇಂಥಾವ್ರನ್ನ ಎಷ್ಟು ಮಂದೀನ ನೋಡೇನಿ."

ಬಸಲಿಂಗ ಅವಳ ರಟ್ಟೆ ಹಿಡಿದು ಎಬ್ಬಿಸಿದ. "ಏಳಾಕ ಆಗದ ನಾಟಕಾನೂ ಚೊಲೋ ಮಾಡ್ತಾಳ" ಎಂದು ಡಾಕ್ಟರು ಅರ್ಧ ಬರೆದ ಕಾಗದ ಹರಿದು ಬುಟ್ಟಿಗೆ ಹಾಕಿದರು. ಫಕೀರವ್ವ ಬುಟ್ಟಿಯನ್ನೇ ನೋಡುತ್ತ ಹಿಂದೆ ಹಿಂದೆ ಹೆಜ್ಜೆಯಿಟ್ಟು ಹೊರಗೆ ಹೋದಳು. ಆಗಲೂ ದೊಡ್ಡವರಿಗೆ ಬೆನ್ನು ತೋರಿಸಬಾರದೆಂಬ ಬುದ್ಧಿ ಅವಳದು! ಇಷ್ಟು ಮರ್ಯಾದೆ ಕಲಿಸಿದವರ ಮೇಲೆ ನನಗೆ ಡಾಕ್ಟರಿಗಿಂತ ಹೆಚ್ಚು ಸಿಟ್ಟು ಬಂತು.

ಅವಳು ಮತ್ತೆ ಹಂಡೆಗೆ ಕೈ ಹಚ್ಚಿದಳು. ಬೇಸಿಗೆ ಕಳೆಯುವಷ್ಟರಲ್ಲಿ ಒಂದು ದಿನ ಹಂಡೆ ಎತ್ತಿದವಳು ಹಂಡೆಯ ಜತೆಗೇ ಕುಸಿದಳು. ಪುಣ್ಯಕ್ಕೆ ಯಾರಿಗೂ ಸುಡಲಿಲ್ಲ. ಹುಡುಗಿಯರು ಆ ದಿನ ಅವಲಕ್ಕಿ ತಿಂದರಂತೆ. ವಾರ್ಡನ್ನೇ ಹೆದರಿ ಅವಳನ್ನು ಮತ್ತೆ ನಮ್ಮಲ್ಲಿಗೆ ಕಳಿಸಿದರು.

ಈ ಸಲ ಕೋಲು ಊರಿಕೊಂಡು ಬಂದಳು. ಬೆರಳು ತೊಡೆ ಬಿಟ್ಟು ಕೆಳಗಿಳಿಯಲಿಲ್ಲ. ಬಸಲಿಂಗನ ಕೈಯಲ್ಲಿ ನಾನು ಉದ್ದಕ್ಕೆ ಬಿಚ್ಚಿಕೊಂಡೆ. ಡಾಕ್ಟರು ಕೇಳುವ ಮೊದಲೇ ಅವನು ಅಂಕಿಯನ್ನು ಎರಡು ಸಲ ಓದಿದ.

"ಈಗ ಖರೇ ಕಾಣ್ತತಿ ನೋಡು" ಎಂದರು ಡಾಕ್ಟರು. ಬರೆದರು, ಸಹಿ ಹಾಕಿದರು, ಮೊಹರು ಒತ್ತಿದರು. ಕಾಗದ ಕೊಟ್ಟು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. ಮೇಜಿನ ಕೆಳಗಿಂದ ಬೂಟುಗಳು ಒಂದಿಷ್ಟು ಮುಂದೆ ಬಂದವು. ಅದು ಅವರಿಗೂ ತಿಳಿಯದಂತೆ ಆಗುವ ಕೆಲಸ. ಉಪಕಾರ ಮಾಡಿದಾಗಲೆಲ್ಲ ಆ ಬೂಟುಗಳು ಹಾಗೆ ಮುಂದೆ ಬರುವುದನ್ನು ನಾನು ಎಷ್ಟೋ ಸಲ ಕಂಡಿದ್ದೆ.

ಫಕೀರವ್ವ ಬೂಟುಗಳನ್ನು ನೋಡಿದಳು. ಕಾಗದವನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು.

"ಬರ್ತೇನ್ರಿ."

"ಅಷ್ಟೇ ಏನು?" ಡಾಕ್ಟರು ನಕ್ಕರು.

"ಅಷ್ಟೇ ರೀ. ಬಗ್ಗಿದ್ರ ಮತ್ತ ಹರದ ಒಗೀತೀರಿ."

ತಿರುಗಿ, ಬೆನ್ನು ತೋರಿಸಿಕೊಂಡೇ ನಡೆದಳು. ಬಟ್ಟೆಯ ಜೀವಕ್ಕೆ ಸಂತೋಷ ಆಗುತ್ತದೆಯೋ ಇಲ್ಲವೋ ಎಂದು ಕೇಳುವವರಿಗೆ ಹೇಳುತ್ತೇನೆ, ಆಗುತ್ತದೆ.

ಬಾಗಿಲು ತೆರೆದೇ ಇತ್ತು. ಹೊರಗಿನ ಬೆಂಚಿನಲ್ಲಿ ಸರದಿಗೆ ಕೂತವರಿಗೆ ಅವಳು ಹೇಳುತ್ತಿದ್ದದ್ದು ನನಗೆ ಕೇಳಿಸಿತು. "ಒಳಗ ಏನರ ಮಾಡ್ರಿ, ಕಾಲ ಮಾತ್ರ ಮುಟ್ಟಬ್ಯಾಡ್ರಿ." ಅಂದು ಬೆಂಚಿನಲ್ಲಿದ್ದವರು ಮರುದಿನದವರಿಗೆ ಹೇಳಿದರು. ಆಮೇಲೆ ಆ ಬೂಟುಗಳಿಗೆ ಧೂಳೇ ಗತಿಯಾಯಿತು.

ಡಾಕ್ಟರು ನಿವೃತ್ತರಾದ ದಿನ ಕೊರಳಲ್ಲಿ ಹಾರ ಹಾಕಿಕೊಂಡೇ ಕೋಣೆಗೆ ಬಂದು ಕೂತರು. "ಬಸಲಿಂಗಾ, ಮೊದಲಿನ ಮಂದಿ ಎಷ್ಟು ಚೊಲೋ ಇದ್ರು. ಈಗಿನ ಮಂದಿಗೆ ಸಂಸ್ಕಾರಾನ ಉಳದಿಲ್ಲ ನೋಡು" ಎಂದರು. ಬಸಲಿಂಗ ನನ್ನನ್ನು ಸುತ್ತಿ ಮೇಜಿನ ಮೇಲಿಟ್ಟ.

ನಾನೀಗ ಮುದುಕ. ಅಂಕಿಗಳು ಮಾಸಿವೆ, ಒಂದು ತುದಿಯ ತಗಡು ಉದುರಿದೆ. ಹಳೆಯ ಕಾಗದಗಳ ಕಟ್ಟಿಗೆ ನನ್ನನ್ನು ಸುತ್ತಿ, ಬಿಗಿಯಾಗಿ ಗಂಟು ಹಾಕಿ ಅದೇ ಕೋಣೆಯ ಕಪಾಟಿನ ಮೇಲೆ ಎಸೆದಿದ್ದಾರೆ. ಎರಡು ಬೆರಳು ತೂರುವಷ್ಟು ಸಡಿಲವೂ ಇಲ್ಲ. ಚಾಂದಸಾಬ ಏಕೆ ಬೆರಳು ಇಡುತ್ತಿದ್ದ ಎಂದು ತಿಳಿಯಲು ನನಗೆ ಇಷ್ಟು ಕಾಲ ಬೇಕಾಯಿತು.

ಕೋಣೆಗೆ ಈಗ ಹೊಸ ಡಾಕ್ಟರು ಬಂದಿದ್ದಾರೆ. ಮೆಲ್ಲಗೆ ಮಾತಾಡುವ ಹುಡುಗಿ. ರೋಗಿಗಳು ಕೂರುವ ಮುಂಚೆ ತಾನೇ ಕುರ್ಚಿ ಸರಿಸಿ ಕೊಡುತ್ತಾಳೆ. ಮೊನ್ನೆ ಒಬ್ಬ ಮುದುಕ ಅಳುತ್ತ ಅವಳಿಗೆ ಕೈ ಮುಗಿದ. ಇನ್ನೇನು ಬಗ್ಗಬೇಕು, ಬಾಗಿಲಿನಿಂದ ಅವನ ಹೆಂಡತಿ ಓಡಿ ಬಂದು ರಟ್ಟೆ ಹಿಡಿದು ಎಳೆದುಕೊಂಡಳು. "ಇಲ್ಲೆ ಬಗ್ಗಬಾರದಂತ" ಎಂದಳು.

ಯಾಕೆ ಎಂದು ಆ ಹುಡುಗಿ ಕೇಳಿದಳು. ಅವರಿಬ್ಬರಿಗೂ ಗೊತ್ತಿರಲಿಲ್ಲ.